ನಮ್ಮ ಬಾವಿಯೊಳಗಿನ ಧಾತು ಕುಟುಂಬಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಯಾವ ಹಳ್ಳಿಗೆ ಹೋದರೂ ಜನ ನೀರಿನ ಗುಣ ಹೇಳುತ್ತಾರೆ. ಈ ಬಾವಿ ಸವಳು, ಆ ಬೋರಿನ ನೀರು ಗಡಸು, ಹಳ್ಳದ ಆಚೆ ದಂಡೆಯದು ಸಿಹಿ. ನಾಲಿಗೆ, ಪಾತ್ರೆ, ಪೈರು ಮೂರನ್ನೂ ಸಾಕ್ಷಿ ಇಟ್ಟುಕೊಂಡು ಹೇಳುವ ಮಾತು ಅದು. ಅದೇ ಹಳ್ಳಿಯ ಪ್ರೌಢಶಾಲೆಯ ಗೋಡೆಯ ಮೇಲೆ 118 ಚೌಕಗಳ ಪಟವೊಂದು ತೂಗುತ್ತಿರುತ್ತದೆ. ಅದು ಧಾತುಗಳ ಆವರ್ತ ಕೋಷ್ಟಕ. ಬಾವಿಕಟ್ಟೆಯ ಮಾತು ಬೇರೆ, ಗೋಡೆಯ ಪಟ ಬೇರೆ ಎಂದು ನಾವು ಎಣಿಸಿದ್ದೇವೆ. ಆದರೆ ನಮ್ಮ ನೀರು ಏಕೆ ಸವಳಾಯಿತು, ಬೇಳೆ ಏಕೆ ಬೇಯುವುದಿಲ್ಲ, ಕೆಲವು ಊರುಗಳ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಏಕೆ ಬಂತು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಪಟದಲ್ಲಿದೆ. ಅದನ್ನು ಇಂದು ನಿಮ್ಮ ಮುಂದೆ ಬಿಚ್ಚಿ ಹೇಳಬೇಕೆಂದಿದ್ದೇನೆ.

1869ರಲ್ಲಿ ರಷ್ಯಾದ ದಿಮಿತ್ರಿ ಮೆಂಡಲೀವ್ ತನ್ನ ಕೋಷ್ಟಕವನ್ನು ಪ್ರಕಟಿಸಿದಾಗ ಲೋಕಕ್ಕೆ ಗೊತ್ತಿದ್ದ ಧಾತುಗಳು 63. ತೂಕದ ಕ್ರಮದಲ್ಲಿ ಅವುಗಳನ್ನು ಸಾಲಾಗಿ ನಿಲ್ಲಿಸುತ್ತ ಹೋದರೆ ಅದೇ ಗುಣ ಮತ್ತೆ ಮತ್ತೆ ಮರಳಿ ಬರುವುದನ್ನು ಆತ ಕಂಡ. ಒಂದೇ ಗುಣದವುಗಳನ್ನು ಒಂದೇ ಸಾಲಿಗೆ ತಂದ. ಎಲ್ಲಿ ಗುಣ ಹೊಂದಲಿಲ್ಲವೋ ಅಲ್ಲಿ ಮನೆಯನ್ನು ಖಾಲಿ ಬಿಟ್ಟು, ಅಲ್ಲಿಗೆ ಬರಬೇಕಾದ ಧಾತು ಹೀಗಿರುತ್ತದೆ ಎಂದು ಮುಂಚಿತವಾಗಿಯೇ ಹೇಳಿದ. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕು ಆತನ ಮಾತು ನಿಜವಾಯಿತು. ಈಗಿನ ಪಟದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ 18 ಕಂಬಸಾಲುಗಳಿವೆ. ಒಂದೊಂದು ಸಾಲೂ ಒಂದು ಕುಟುಂಬ. ಅವುಗಳಲ್ಲಿ ನಾಲ್ಕು ಕುಟುಂಬಗಳ ಪರಿಚಯವಾದರೆ ನಮ್ಮ ಭಾಗದ ಮಣ್ಣು ನೀರಿನ ಬಹುಪಾಲು ಕಥೆ ತಿಳಿದಂತೆ.

ಎಡಗಡೆಯ ಮೊದಲ ಸಾಲಿನಿಂದ ಆರಂಭಿಸೋಣ. ಲಿಥಿಯಂ, ಸೋಡಿಯಂ, ಪೊಟ್ಯಾಷಿಯಂ, ರುಬಿಡಿಯಂ, ಸೀಸಿಯಂ. ಇವು ಕ್ಷಾರ ಲೋಹಗಳು. ಲೋಹವಾದರೂ ಚಾಕುವಿನಿಂದ ಕೊಯ್ಯುವಷ್ಟು ಮೆತ್ತಗೆ. ಲಿಥಿಯಂ ತುಣುಕನ್ನು ನೀರಿಗೆ ಹಾಕಿದರೆ ಗುಳ್ಳೆ ಬಿಡುತ್ತ ತೇಲುತ್ತದೆ. ಸೋಡಿಯಂ ಕರಗಿ ಗುಂಡಾಗಿ ನೀರಿನ ಮೇಲೆ ಅತ್ತಿತ್ತ ಓಡಾಡುತ್ತದೆ. ಪೊಟ್ಯಾಷಿಯಂ ನೀರಿಗೆ ಬಿದ್ದ ಕೂಡಲೇ ನೇರಳೆ ಉರಿಯಾಗಿ ಹೊತ್ತಿಕೊಳ್ಳುತ್ತದೆ. ಸೀಸಿಯಂ ಸಿಡಿದು ಪಾತ್ರೆಯನ್ನೇ ಒಡೆಯುತ್ತದೆ. ಸಾಲಿನಲ್ಲಿ ಕೆಳಕ್ಕೆ ಇಳಿದಂತೆ ಕ್ರಿಯಾಶೀಲತೆ ಏರುತ್ತದೆ. ಈ ಕಾರಣಕ್ಕೇ ಸೋಡಿಯಂ, ಪೊಟ್ಯಾಷಿಯಂಗಳನ್ನು ಪ್ರಯೋಗಾಲಯದಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿಸಿ ಇಡುತ್ತಾರೆ. ಇಂಗ್ಲೆಂಡಿನ ಹಂಫ್ರಿ ಡೇವಿ 1807ರಲ್ಲಿ ವಿದ್ಯುತ್ ಹಾಯಿಸಿ ಇವೆರಡನ್ನೂ ಬೇರ್ಪಡಿಸುವ ತನಕ ಈ ಲೋಹಗಳ ಮುಖವನ್ನು ಯಾರೂ ಕಂಡಿರಲಿಲ್ಲ.

ಈಗ ನಮ್ಮ ದ್ರಾಕ್ಷಿ ಬೆಳೆಗಾರರ ಶೆಡ್ಡಿಗೆ ಬನ್ನಿ. ಒಣದ್ರಾಕ್ಷಿ ಮಾಡುವ ಹೊತ್ತಿಗೆ ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಷಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್ ಕಲಸಿ, ಅದರಲ್ಲಿ ಗೊನೆಗಳನ್ನು ಅದ್ದಿ ತೆಗೆಯುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರು ಬೇಗ ಹೊರಗೆ ಬರುತ್ತದೆ. ನೀರು ಕಂಡರೆ ಉರಿದೇಳುವ ಅದೇ ಪೊಟ್ಯಾಷಿಯಂ ಇಲ್ಲಿ ನೀರಿನಲ್ಲೇ ಕರಗಿ ತಣ್ಣಗೆ ಕುಳಿತಿದೆ. ಹೊಲಕ್ಕೆ ಹಾಕುವ ಎಂಒಪಿ ಗೊಬ್ಬರದಲ್ಲಿಯೂ ಇರುವುದು ಅದೇ ಪೊಟ್ಯಾಷಿಯಂ, ಜೊತೆಗೆ ಕ್ಲೋರಿನ್. ಉರಿಯುವ ಲೋಹವೊಂದು, ವಿಷದ ಅನಿಲವೊಂದು, ಎರಡೂ ಕೂಡಿದ ಮೇಲೆ ಚೀಲದಲ್ಲಿ ಹರಳಾಗಿ ಬರುತ್ತವೆ. ಸ್ವಭಾವದಲ್ಲಿ ಇಷ್ಟು ಅಂತರ ಹೇಗೆ ಬಂತು? ಇದನ್ನು ತಿಳಿಯಬೇಕಾದರೆ ಪಟದ ಬಲತುದಿಯ ಕೊನೆಯ ಸಾಲಿಗೆ ಹೋಗಬೇಕು. ಆ ಸಾಲಿನ ಕಥೆಗೂ ನಮ್ಮ ಜಿಲ್ಲೆಗೂ ನಂಟಿದೆ.

1868ರ ಆಗಸ್ಟ್ 18ರಂದು ಭಾರತದ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯಿತು. ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸನ್ ಆಂಧ್ರದ ಗುಂಟೂರಿನಲ್ಲಿ ದೂರದರ್ಶಕ ಹೂಡಿದ್ದ. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷಲ್ ನಮ್ಮ ನೆರೆಯ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದ. ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬ ಸೇನಾ ಎಂಜಿನಿಯರ್ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರುವ, ಕೈಯಲ್ಲಿ ಹಿಡಿಯುವ ಪುಟ್ಟ ರೋಹಿತದರ್ಶಕದಿಂದ ಸೂರ್ಯನ ಅಂಚಿನ ಕೆಂಪು ಜ್ವಾಲೆಗಳನ್ನು ನೋಡಿದ. ಗುಲಾಬಿಗೆಂಪಿನದೊಂದು, ತಿಳಿ ಹೊಂಬಣ್ಣದ್ದೊಂದು, ಹೀಗೆ ಎರಡು ಪಟ್ಟಿಗಳು ತನಗೆ ಕಂಡವೆಂದು ವರದಿ ಬರೆದ. ಆ ಗ್ರಹಣದ ದಿನ ಜ್ವಾಲೆಗಳಲ್ಲಿ ಕಂಡ ಹಳದಿ ಗೆರೆ ಸೋಡಿಯಂನದೇ ಇರಬೇಕೆಂದು ಮೊದಲು ಹಲವರು ಎಣಿಸಿದರು. ಒಲೆಯ ಉರಿಗೆ ಉಪ್ಪು ಬಿದ್ದರೆ ಏಳುವ ಹಳದಿಯೂ ಸೋಡಿಯಂನದೇ ತಾನೆ. ಆದರೆ ಸೂಕ್ಷ್ಮವಾಗಿ ಅಳೆದಾಗ ಗೆರೆ ಸ್ವಲ್ಪ ಪಕ್ಕಕ್ಕಿತ್ತು. ಅದು ಭೂಮಿಯ ಮೇಲೆ ಯಾರೂ ಕಾಣದ ಹೊಸ ಧಾತುವಿನದು ಎಂದು ಇಂಗ್ಲೆಂಡಿನ ಖಗೋಳವಿಜ್ಞಾನಿ ಲಾಕಿಯರ್ ಹೇಳಿದ. ಹೀಲಿಯಂ ಹೀಗೆ ಮೊದಲು ಸೂರ್ಯನಲ್ಲಿ ಕಂಡಿತು. ಭೂಮಿಯ ಮೇಲೆ ವಿಲಿಯಂ ರಾಮ್ಸೆಯ ಕೈಗೆ ಅದು ಸಿಕ್ಕಿದ್ದು 27 ವರ್ಷಗಳ ನಂತರ, 1895ರಲ್ಲಿ.

ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್. ಜಡಾನಿಲಗಳ ಈ ಬಳಗ ಸಾಮಾನ್ಯವಾಗಿ ಯಾರ ಜೊತೆಗೂ ಕೂಡುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಆರ್ಗಾನ್ ಇದ್ದರೂ ಅದು ಒಳಗೆ ಹೋಗಿ ಹಾಗೆಯೇ ಹೊರಗೆ ಬರುತ್ತದೆ. ಪರಮಾಣುವಿನ ನಡುವೆ ಬೀಜ, ಸುತ್ತ ಪದರಪದರವಾಗಿ ಎಲೆಕ್ಟ್ರಾನುಗಳು. ಹೊರಪದರ ತುಂಬಿದ್ದರೆ ಪರಮಾಣುವಿಗೆ ಕೊಡುವುದೂ ಬೇಕಿಲ್ಲ, ತೆಗೆದುಕೊಳ್ಳುವುದೂ ಬೇಕಿಲ್ಲ. ಜಡಾನಿಲಗಳಿಗೆ ಹುಟ್ಟಿನಿಂದಲೇ ಆ ತೃಪ್ತಿ ಇದೆ. ಉಳಿದ ಧಾತುಗಳ ಓಡಾಟವೆಲ್ಲ ಆ ಸ್ಥಿತಿಯನ್ನು ಮುಟ್ಟುವುದಕ್ಕಾಗಿ.

ಕ್ಷಾರ ಲೋಹಗಳ ಹೊರಪದರದಲ್ಲಿ ಒಂದೇ ಎಲೆಕ್ಟ್ರಾನು. ಅದನ್ನು ಬಿಟ್ಟುಕೊಟ್ಟರೆ ಒಳಗಿನ ತುಂಬಿದ ಪದರವೇ ಹೊರಪದರವಾಗುತ್ತದೆ. ಊರಿಗೆ ದೂರವಾದ ಹೊಲಕ್ಕೆ ಕಾವಲು ಸಾಲದಂತೆ, ಬೀಜದಿಂದ ದೂರ ಹೋದಷ್ಟೂ ಆ ಎಲೆಕ್ಟ್ರಾನಿನ ಮೇಲೆ ಹಿಡಿತ ಕಡಿಮೆ. ಪೊಟ್ಯಾಷಿಯಂ ಸೋಡಿಯಂಗಿಂತ ಉಗ್ರವಾದದ್ದು ಇದೇ ಕಾರಣಕ್ಕೆ. ಒಮ್ಮೆ ಕೊಟ್ಟ ಮೇಲೆ ಮಾತ್ರ ಆ ಉಗ್ರತೆ ಮುಗಿಯಿತು. ಹೀಗೆ ಎಲೆಕ್ಟ್ರಾನು ಕೊಟ್ಟು ಅಯಾನು ಆದ ಸೋಡಿಯಂ ಶಾಂತ, ಸ್ಥಿರ. ಅದನ್ನು ಮತ್ತೆ ಲೋಹ ಮಾಡಬೇಕಾದರೆ ಡೇವಿಯಂತೆ ವಿದ್ಯುತ್ತನ್ನೇ ಹರಿಸಬೇಕು. ಒಂಟಿಯಾಗಿದ್ದಾಗ ಹೆಚ್ಚು ಚಡಪಡಿಸುವ ಧಾತು, ಕೂಡಿಕೊಂಡ ಮೇಲೆ ಹೆಚ್ಚು ಗಟ್ಟಿಯಾಗಿ ಉಳಿಯುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ಡೋಣಿ ನದಿಯನ್ನು ನೋಡಿ. ಜತ್ತದ ಕಡೆಯಿಂದ ಬಂದು ವಿಜಯಪುರ, ಬಸವನಬಾಗೇವಾಡಿ, ಮುದ್ದೇಬಿಹಾಳ ಸೀಮೆಗಳನ್ನು ದಾಟಿ ತಾಳಿಕೋಟಿಯ ಪಕ್ಕದಲ್ಲಿ ಹರಿಯುವ ಈ ನದಿಯ ದಂಡೆಯ ಎರೆಭೂಮಿ ಬಿಳಿಜೋಳಕ್ಕೆ ಹೆಸರಾದದ್ದು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೂ ಅದರ ನೀರು ಉಪ್ಪು. ಮಳೆ ಕಡಿಮೆ, ಬಿಸಿಲು ಹೆಚ್ಚು, ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಸೋಡಿಯಂ ಅಯಾನನ್ನು ಬಿಸಿಲು ಸುಡಲಾರದು, ಕಾಲ ಕರಗಿಸಲಾರದು. ಅದನ್ನು ತೊಳೆದು ಸಾಗಿಸಬೇಕು, ಬೇರೆ ದಾರಿಯಿಲ್ಲ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟೆಯ ನೀರು ಕಾಲುವೆಗಳಲ್ಲಿ ಹರಿದ ಮೇಲೆ ನಮ್ಮ ಒಣಭೂಮಿಗೆ ಹೊಸ ಜೀವ ಬಂತು. ಅದರ ಜೊತೆಗೇ ಸವಳು-ಜವಳಿನ ಭಯವೂ ಬಂತು. ಬಸಿಯಲು ದಾರಿಯಿಲ್ಲದೆ ಎರೆಮಣ್ಣಿಗೆ ನೀರು ಹೆಚ್ಚು ಕಟ್ಟಿದರೆ ಕೆಳಗಿನ ಉಪ್ಪು ಮೇಲಕ್ಕೇರುತ್ತದೆ. ಜೇಡಿಯ ಕಣಗಳಿಗೆ ಸೋಡಿಯಂ ಅಂಟಿಕೊಂಡರೆ ಅವು ಒಂದರಿಂದೊಂದು ದೂರ ಸರಿದು ನೀರಿನಲ್ಲಿ ಹರಡಿ, ಮಣ್ಣಿನ ಸಂದುಗಳನ್ನೆಲ್ಲ ಮುಚ್ಚುತ್ತವೆ. ಹಸಿಯಿದ್ದಾಗ ಕಾಲಿಗೆ ಮೆತ್ತುವ ರಾಡಿ, ಒಣಗಿದಾಗ ಕುಂಟೆಗೆ ಜಗ್ಗದ ಹೆಂಟೆ. ಬೇರು ಉಸಿರಾಡಲಾರದು.

ಇದಕ್ಕೆ ಔಷಧ ಪಟದ ಎರಡನೆಯ ಸಾಲಿನಲ್ಲಿದೆ. ಮೆಗ್ನೀಷಿಯಂ, ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂಗಳ ಸಾಲು ಅದು. ಇವುಗಳ ಹೊರಪದರದಲ್ಲಿ ಎರಡು ಎಲೆಕ್ಟ್ರಾನು. ಎರಡನ್ನೂ ಕೊಡಬೇಕಾದ್ದರಿಂದ ಇವು ಮೊದಲ ಸಾಲಿನಷ್ಟು ಉಗ್ರವಲ್ಲ. ಕೊಟ್ಟ ಮೇಲೆ ಇವುಗಳ ಅಯಾನಿಗೆ ಎರಡು ಧನ ಆವೇಶ. ಜೇಡಿಯ ಕಣಕ್ಕೆ ಋಣ ಆವೇಶವಿರುವುದರಿಂದ ಅದು ಒಂದು ಆವೇಶದ ಸೋಡಿಯಂಗಿಂತ ಎರಡು ಆವೇಶದ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿಯುತ್ತದೆ. ಕೃಷಿ ಇಲಾಖೆಯವರು ಹೊಲಕ್ಕೆ ಜಿಪ್ಸಂ ಹಾಕಿ ಎನ್ನುವುದು ಇದಕ್ಕಾಗಿ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಒಂದು ಕ್ಯಾಲ್ಸಿಯಂ ಬಂದು ಕುಳಿತರೆ ಎರಡು ಸೋಡಿಯಂ ಎದ್ದು ಹೋಗುತ್ತವೆ, ಸೋಡಿಯಂ ಸಲ್ಫೇಟ್ ಆಗಿ ನೀರಿನಲ್ಲಿ ಕರಗುತ್ತವೆ. ಆ ನೀರು ಬಸಿಗಾಲುವೆಯಿಂದ ಹೊರಗೆ ಹೋದರೆ ಮಾತ್ರ ಕೆಲಸ ಪೂರ್ತಿ. ಬಸಿಗಾಲುವೆ ತೆಗೆಯದೆ ಜಿಪ್ಸಂ ಹಾಕಿದವರ ದುಡ್ಡು ಮಣ್ಣುಪಾಲು. ಮಣ್ಣು ಪರೀಕ್ಷೆ ಮಾಡಿಸಿ, ಎಕರೆಗೆ ಎಷ್ಟು ಬೇಕೆಂದು ಕೇಳಿ ಹಾಕಬೇಕು.

ಹೊಲದಲ್ಲಿ ಉಪಕಾರಿಯಾದ ಇದೇ ಕ್ಯಾಲ್ಸಿಯಂ ಅಡುಗೆಮನೆಯಲ್ಲಿ ತೊಡಕು ತರುತ್ತದೆ. “ಈ ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ರಿ” ಎಂಬ ತಾಯಂದಿರ ಮಾತಿನಲ್ಲಿ ಪೂರ್ತಿ ರಸಾಯನವಿದೆ. ತೊಗರಿಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್ ಎಂಬ ವಸ್ತು. ಗಡಸು ನೀರಿನ ಕ್ಯಾಲ್ಸಿಯಂ ಅದರ ಎಳೆಗಳ ನಡುವೆ ಹೊಕ್ಕು ಬಿಗಿದು ಕಟ್ಟುತ್ತದೆ. ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಚಿಟಿಕೆ ಸೋಡಾ ಹಾಕಿದರೆ ಬೇಯುತ್ತದೆ, ನಿಜ. ಆದರೆ ಬೇಳೆಯಲ್ಲಿನ ಬಿ ಜೀವಸತ್ವ ಆ ಕ್ಷಾರಕ್ಕೆ ಹಾಳಾಗುತ್ತದೆ. ಮಳೆನೀರೋ ನದಿನೀರೋ ಸಿಕ್ಕರೆ ಅದರಲ್ಲಿ ಬೇಯಿಸುವುದು ಮೇಲು.

ನೀರು ಕಾಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟಿರುತ್ತದೆಯಲ್ಲ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಒಂದು ಚೂರನ್ನು ಕೆರೆದು ತಟ್ಟೆಯಲ್ಲಿಟ್ಟು, ಮೇಲೆ ಇಂಡಿಯ ಲಿಂಬೆಹಣ್ಣು ಹಿಂಡಿ ನೋಡಿ. ಸಣ್ಣ ಸಣ್ಣ ಗುಳ್ಳೆಗಳು ಚೂರಿನ ಅಂಚಿನಿಂದ ಏಳುತ್ತವೆ, ಕಿವಿ ಹತ್ತಿರ ತಂದರೆ ಚುರುಚುರು ಸದ್ದೂ ಕೇಳುತ್ತದೆ. ಲಿಂಬೆಯ ಸಿಟ್ರಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುತ್ತದೆ, ಕಾರ್ಬೊನೇಟು ಇಂಗಾಲದ ಡೈ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಲಿಂಬೆಯಿಂದ ನಮ್ಮ ಮಕ್ಕಳು ಈ ಪ್ರಯೋಗವನ್ನು ಮಾಡಿಯೇ ಕಲಿಯಬೇಕು.

ಇನ್ನು ಹ್ಯಾಲೊಜನ್‌ಗಳ ಕುಟುಂಬ. ಪಟದ ಬಲಗಡೆ, ಜಡಾನಿಲಗಳ ಒತ್ತಿಗೇ ಇದೆ. ಫ್ಲೋರಿನ್ ತಿಳಿಹಳದಿ ಅನಿಲ, ಕ್ಲೋರಿನ್ ಹಸಿರು ಹಳದಿ ಅನಿಲ, ಬ್ರೋಮಿನ್ ಕೆಂಗಂದು ದ್ರವ, ಅಯೋಡಿನ್ ಕಪ್ಪುಬಣ್ಣದ ಹರಳು. ಇವುಗಳಿಗೆ ಹೊರಪದರ ತುಂಬಲು ಒಂದೇ ಒಂದು ಎಲೆಕ್ಟ್ರಾನು ಕಡಿಮೆ. ಹೀಗಾಗಿ ಇವು ಕಸಿದುಕೊಳ್ಳುವ ಧಾತುಗಳು. ಕ್ಷಾರ ಲೋಹಗಳಲ್ಲಿ ಕೆಳಗಿನವು ಉಗ್ರವಾದರೆ ಇಲ್ಲಿ ಮೇಲಿನವು ಉಗ್ರ. ಪರಮಾಣು ಚಿಕ್ಕದಾದಷ್ಟೂ ಬೀಜದ ಸೆಳೆತ ಹೊರಗಿನ ಎಲೆಕ್ಟ್ರಾನಿಗೆ ಹತ್ತಿರದಿಂದ ತಟ್ಟುತ್ತದೆ. ಎಲ್ಲಕ್ಕೂ ಮೇಲಿರುವ ಫ್ಲೋರಿನ್ ಎಷ್ಟು ಉಗ್ರವೆಂದರೆ, ಅದನ್ನು ಬೇರ್ಪಡಿಸಲು ಹೋಗಿ ಹಲವು ವಿಜ್ಞಾನಿಗಳು ಆರೋಗ್ಯ ಕಳೆದುಕೊಂಡರು, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಕಡೆಗೆ 1886ರಲ್ಲಿ ಫ್ರಾನ್ಸಿನ ಆನ್ರಿ ಮ್ವಾಸಾನ್ ಗೆದ್ದ. 1906ರ ನೊಬೆಲ್ ಪ್ರಶಸ್ತಿ ಅವನಿಗೆ ಸಂದಿತು.

ಈ ಕುಟುಂಬದ ಕ್ಲೋರಿನ್ ಅನ್ನು 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಎಂಬಲ್ಲಿ ಸೈನಿಕರ ಮೇಲೆ ಅಸ್ತ್ರವಾಗಿ ಬಿಟ್ಟರು. ಅದೇ ಕ್ಲೋರಿನ್ ಇಂದು ಬ್ಲೀಚಿಂಗ್ ಪೌಡರಿನ ರೂಪದಲ್ಲಿ ನಮ್ಮ ಊರ ಟ್ಯಾಂಕಿಗೆ ಬಿದ್ದು ಕಾಲರಾ, ವಾಂತಿಭೇದಿಗಳ ರೋಗಾಣುಗಳನ್ನು ಕೊಲ್ಲುತ್ತದೆ. ನಳದ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂನಷ್ಟಾದರೂ ಕ್ಲೋರಿನ್ ಉಳಿದಿರಬೇಕು ಎಂಬುದು ನಿಯಮ. ಅಯೋಡಿನ್ ಉಪ್ಪಿನ ಪಾಕೀಟಿನಲ್ಲಿ ಬಂದು ಗಳಗಂಡವನ್ನು ತಡೆಯುತ್ತದೆ.

ಫ್ಲೋರಿನ್ ಮಾತ್ರ ನಮ್ಮ ಭಾಗಕ್ಕೆ ದೊಡ್ಡ ಚಿಂತೆ. ಬಂಡೆಗಳೊಳಗಿನ ಖನಿಜಗಳಿಂದ ಫ್ಲೋರೈಡ್ ಆಗಿ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ವಿಜಯಪುರ ಜಿಲ್ಲೆಯ ಹಲವು ಕಡೆಯ ಕೊಳವೆಬಾವಿಗಳು ಈ ಗೆರೆಯನ್ನು ದಾಟಿವೆ.

ಜಡಾನಿಲಗಳನ್ನು ಬಿಟ್ಟು ಉಳಿದ ಮೂರು ಕುಟುಂಬಗಳೂ ಇಲ್ಲಿ ಒಂದೇ ಬಾವಿಯಲ್ಲಿ ಕೂಡುವುದನ್ನು ಗಮನವಿಟ್ಟು ಕೇಳಿ. ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಸೇರಿದರೆ ಆಗುವ ವಸ್ತು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿರುವ ತನಕ ಫ್ಲೋರೈಡ್ ಮೇಲೇರದಂತೆ ಅದು ತಡೆದು ಹಿಡಿಯುತ್ತದೆ. ಆದರೆ ನೀರು ಎರೆಮಣ್ಣಿನ ಜೇಡಿಯೊಳಗೆ ಇಳಿಯುವಾಗ ತನ್ನ ಕ್ಯಾಲ್ಸಿಯಂ ಅನ್ನು ಜೇಡಿಗೆ ಕೊಟ್ಟು ಸೋಡಿಯಂ ಅನ್ನು ತೆಗೆದುಕೊಳ್ಳುತ್ತದೆ. ಇನ್ನಷ್ಟು ಕ್ಯಾಲ್ಸಿಯಂ ಎರೆಹೊಲದ ಅಡಿಯಲ್ಲಿ ಸಿಗುವ ಬಿಳಿ ಸುಣ್ಣದ ಹರಳುಗಳಾಗಿ ಕುಳಿತುಬಿಡುತ್ತದೆ. ತಡೆಯುವ ಕ್ಯಾಲ್ಸಿಯಂ ಹೋದ ಮೇಲೆ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಸಲೀಸಾಗಿ ಕರಗುತ್ತದೆ. ಅಂದರೆ, ಗಡಸಿಲ್ಲದ, ಬೇಳೆ ಚೆನ್ನಾಗಿ ಬೇಯುವ, ಬಾಯಿಗೆ ಹಿತವಾದ ಬೋರಿನ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಿರಬಹುದು. ನಾಲಿಗೆಗೆ ಇದು ಗೊತ್ತಾಗುವುದಿಲ್ಲ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ.

ನೀರಿನಲ್ಲಿ ಸಿಗದ ಕ್ಯಾಲ್ಸಿಯಂ ಫ್ಲೋರೈಡಿಗೆ ನಮ್ಮ ದೇಹದಲ್ಲಿ ಸಿಗುತ್ತದೆ. ಹಲ್ಲು, ಎಲುಬುಗಳು ಕ್ಯಾಲ್ಸಿಯಂನ ಕಣಜ. ಎಂಟು ವರ್ಷದೊಳಗಿನ ಮಕ್ಕಳಲ್ಲಿ ಕಾಯಂ ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ ಹೆಚ್ಚು ಫ್ಲೋರೈಡ್ ಸೇರಿದರೆ ಸುಣ್ಣದಂಥ ಬಿಳಿ ಮಚ್ಚೆ, ಕ್ರಮೇಣ ಕಂದು ಕಲೆ ಕಾಣಿಸುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮಗು ಹಲ್ಲು ತಿಕ್ಕಲಿಲ್ಲವೆಂದು ಬೈಯುವ ತಾಯಿ ತಂದೆಯರೇ, ತಪ್ಪು ಮಗುವಿನದಲ್ಲ, ನೀರಿನದು. ವರ್ಷಗಟ್ಟಲೆ ಅದೇ ನೀರು ಕುಡಿದ ದೊಡ್ಡವರಲ್ಲಿ ಕುತ್ತಿಗೆ, ಬೆನ್ನು, ಮೊಣಕಾಲು ಬಿಗಿಯುತ್ತವೆ. ಎಲುಬಿಗೆ ಕೂಡಿದ ಫ್ಲೋರೈಡ್ ಸುಲಭವಾಗಿ ಬಿಡುವುದಿಲ್ಲ. ಉಗ್ರ ಧಾತು ಕೂಡಿಕೊಂಡ ಮೇಲೆ ಗಟ್ಟಿಯಾಗುತ್ತದೆ ಎಂದು ಆಗಲೇ ಹೇಳಿದೆನಲ್ಲ, ಅದೇ ನಿಯಮ ಇಲ್ಲಿ ನೋವಾಗಿ ಕಾಡುತ್ತದೆ.

ಹಾಗಾದರೆ ಮಾಡುವುದೇನು? ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಬಟ್ಟೆ, ಕ್ಯಾಂಡಲ್ ಫಿಲ್ಟರುಗಳೂ ತಡೆಯಲಾರವು. ಫ್ಲೋರೈಡಿಗೆ ಅಲ್ಯೂಮಿನಿಯಂ ಮೇಲೆ ಒಲವು. ಇದನ್ನು ಬಳಸಿಕೊಂಡೇ ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ಅಲ್ಯೂಮಿನಿಯಂ ಇರುವ ಆಲಂ, ಸುಣ್ಣ ಹಾಕಿ ಫ್ಲೋರೈಡನ್ನು ತಳಕ್ಕೆ ಇಳಿಸುವ ನಲಗೊಂಡ ವಿಧಾನವನ್ನು ರೂಪಿಸಿತು. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಯಂತ್ರ ಸುಸ್ಥಿತಿಯಲ್ಲಿದ್ದರೆ ಫ್ಲೋರೈಡನ್ನು ತಡೆಯುತ್ತದೆ. ಕೃಷ್ಣೆ, ಭೀಮೆಯರ ಶುದ್ಧೀಕರಿಸಿದ ನೀರು ನಳದಲ್ಲಿ ಬರುವ ಊರಿನವರು ಕುಡಿಯಲು, ಅಡುಗೆಗೆ ಅದನ್ನೇ ಬಳಸಿ, ಬೋರಿನ ನೀರನ್ನು ಬಟ್ಟೆ ಪಾತ್ರೆಗೆ ಇಟ್ಟುಕೊಳ್ಳಿ. ಮಾಳಿಗೆಯ ಮಳೆನೀರು ಬಂಡೆಯನ್ನು ಮುಟ್ಟಿಲ್ಲ, ಹಾಗಾಗಿ ಅದರಲ್ಲಿ ಈ ತೊಂದರೆಯಿಲ್ಲ. ಸ್ವಚ್ಛವಾಗಿ ಹಿಡಿದಿಟ್ಟರೆ ಅದು ಅಮೂಲ್ಯ. ಮಕ್ಕಳಿಗೆ ಹಾಲು ಮಜ್ಜಿಗೆ, ಸೊಪ್ಪು, ರಾಗಿ, ಲಿಂಬೆ ಕೊಡಿ. ಆಹಾರದಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಹೊಟ್ಟೆಯಲ್ಲೇ ಅದಕ್ಕೆ ಕೂಡಿ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಮೊದಲು ನೀರು ಪರೀಕ್ಷೆ ಮಾಡಿಸಬೇಕು. ಜಲಜೀವನ ಮಿಷನ್ ಅಡಿಯಲ್ಲಿ ಹಳ್ಳಿಗಳಿಗೆ ಪರೀಕ್ಷಾ ಕಿಟ್ ಕೊಟ್ಟು ಊರಿನ ಹೆಣ್ಣುಮಕ್ಕಳಿಗೇ ತರಬೇತಿ ನೀಡುವ ವ್ಯವಸ್ಥೆಯಿದೆ. ಫ್ಲೋರೈಡಿನ ಪರೀಕ್ಷೆಯಲ್ಲಿ ಬಳಸುವ ಒಂದು ದ್ರಾವಣದಲ್ಲಿ ಜಿರ್ಕೋನಿಯಂ ಎಂಬ ಲೋಹ ಬಣ್ಣದ ವಸ್ತುವಿಗೆ ಅಂಟಿಕೊಂಡು ಗುಲಾಬಿಗೆಂಪಾಗಿ ಕಾಣುತ್ತದೆ. ಬಾವಿಯ ನೀರು ಬೆರೆಸಿದಾಗ ಫ್ಲೋರೈಡ್ ಆ ಜಿರ್ಕೋನಿಯಂ ಅನ್ನು ತನ್ನ ಕಡೆಗೆ ಕಿತ್ತುಕೊಳ್ಳುತ್ತದೆ, ಗುಲಾಬಿ ಬಣ್ಣ ಮಾಸುತ್ತ ಹಳದಿಗೆ ತಿರುಗುತ್ತದೆ. ಹಳದಿ ಹೆಚ್ಚಿದಷ್ಟೂ ಫ್ಲೋರೈಡ್ ಹೆಚ್ಚು. ಮೆಂಡಲೀವನ ಪಟ ಕಣ್ಣೆದುರಿಗೆ ಸಣ್ಣ ಶೀಶೆಯಲ್ಲಿ ನಡೆದು ತೋರುವ ಗಳಿಗೆ ಅದು.

ಶಿಕ್ಷಕ ಬಂಧುಗಳಿಗೆ ನನ್ನದೊಂದು ವಿನಂತಿ. ಎನ್‌ಸಿಇಆರ್‌ಟಿ ತನ್ನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಧಾತುಗಳ ವರ್ಗೀಕರಣದ ಪಾಠವನ್ನು ತೆಗೆದಾಗ, 2023ರಲ್ಲಿ ದೇಶವಿದೇಶದ ವಿಜ್ಞಾನಿಗಳು ಬೇಸರ ಪಟ್ಟರು. ಹತ್ತನೆಯ ತರಗತಿಗೇ ಶಾಲೆ ಬಿಡುವ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಈ ಪಾಠ ಮುಂದೆ ಸಿಗುವುದೇ ಇಲ್ಲ. ಮನೆಯ ನೀರನ್ನು ನಿರ್ಧರಿಸುವವರು ಮಾತ್ರ ಅವರೇ. ಪುಸ್ತಕದಲ್ಲಿ ಪಾಠ ಇರಲಿ ಬಿಡಲಿ, ಗೋಡೆಯ ಪಟದ ಮುಂದೆ ಮಕ್ಕಳನ್ನು ನಿಲ್ಲಿಸಿ. ಊರಿನ ಪ್ರತಿ ಬಾವಿ, ಪ್ರತಿ ಬೋರಿನಿಂದ ಒಂದೊಂದು ಶೀಶೆ ನೀರು ತರಿಸಿ, ಕಿಟ್ಟಿನಿಂದ ಪರೀಕ್ಷಿಸಿ. ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರಿಗೆ ಕೆಂಪು ಬಣ್ಣ ಬಳಿಸಿ, “ಕುಡಿಯಬಾರದು” ಎಂದು ಬರೆಸಿ.

ಪಂಚಾಯಿತಿಯವರೇ, ನಿಮ್ಮ ಊರಿನ ಬೋರುಗಳ ಫ್ಲೋರೈಡ್ ಲೆಕ್ಕವನ್ನು ಕಚೇರಿಯ ಹಲಗೆಯ ಮೇಲೆ ಬರೆದು ಹಾಕಿ. ಕೇಳುಗರೇ, ಅದು ಅಲ್ಲಿ ಇಲ್ಲದಿದ್ದರೆ ನಾಳೆಯೇ ಹೋಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಎಂಟು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಅದು ನಿಮ್ಮ ಕರ್ತವ್ಯವೂ ಹೌದು.